ವಾರ್ತೆಣ್ಣನ ನಾಲಿಗೆ

ಟೈರ್ ಅಂಗಡಿಗೂ ಕನ್ನಡಕದ ಅಂಗಡಿಗೂ ನಡುವೆ ಇದ್ದ ಆ ಕ್ಷೌರದಂಗಡಿಯಲ್ಲಿ ಎರಡೇ ಕುರ್ಚಿ. ಬಾಗಿಲ ಹತ್ತಿರದ್ದು ಯಜಮಾನನದು, ಒಳಗಿನದು ಅವನ ಹೆಂಡತಿಯ ತಮ್ಮನದು. ಯಜಮಾನನಿಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಬೀದಿಯವರು ಕರೆಯುತ್ತಿದ್ದದ್ದು ವಾರ್ತೆಣ್ಣ ಎಂದು. ಆ ಹೆಸರು ಕೊಟ್ಟವನು ಟೈರ್ ಅಂಗಡಿಯ ಸಾಹುಕಾರ. ಕತ್ತಿನ ಸುತ್ತ ಬಟ್ಟೆ ಕಟ್ಟಿದ ಕೂಡಲೇ ಶುರುವಾದರೆ ಪೌಡರ್ ಹಾಕಿ ಬಟ್ಟೆ ಕೊಡವುವ ತನಕ ವಾರ್ತೆಣ್ಣನ ಮಾತು ನಿಲ್ಲುತ್ತಿರಲಿಲ್ಲ. ಯಾರ ಮನೆಗೆ ಸುಣ್ಣ ಬಣ್ಣ ಆಗುತ್ತಿದೆ, ಯಾರ ಮಗಳು ಯಾವ ಪರೀಕ್ಷೆಗೆ ಕೂತಿದ್ದಾಳೆ, ನೀರಿನ ಪೈಪು ಎಲ್ಲಿ ಒಡೆದಿದೆ, ಎಲ್ಲವೂ ಅವನ ಬಾಯಿಂದಲೇ ಹೊರಡಬೇಕು. ಗಿರಾಕಿ ನಿದ್ದೆ ಹೋದರೂ ಅವನಿಗೆ ಬೇಸರವಿಲ್ಲ. ಕನ್ನಡಿಯಲ್ಲಿ ಕಾಣುವ ತನ್ನ ಮುಖಕ್ಕೇ ಹೇಳಿ ಮುಗಿಸುತ್ತಿದ್ದ.

ಭಾವಮೈದುನ ಇದಕ್ಕೆ ತದ್ವಿರುದ್ಧ. ಅವನ ಕುರ್ಚಿಯ ಕಡೆಯಿಂದ ಕೇಳುತ್ತಿದ್ದದ್ದು ಕತ್ತರಿಯ ಸದ್ದು ಮಾತ್ರ. ಹದಿನಾಲ್ಕು ವರ್ಷ ಜೊತೆಗೆ ಕೆಲಸ ಮಾಡಿದ್ದರೂ ಅವನು ಭಾವನ ಎದುರು ಒಂದು ಪೂರ್ತಿ ವಾಕ್ಯ ಹೇಳಿ ಮುಗಿಸಿದ್ದು ಯಾರಿಗೂ ನೆನಪಿರಲಿಲ್ಲ. ಹೇಳಲು ಬಾರದೆ ಅಲ್ಲ, ಸಂದು ಸಿಗದೆ.

ನಾಲಿಗೆಯ ಎಡಬದಿಯಲ್ಲಿ ಹುಣ್ಣು ಕಾಣಿಸಿಕೊಂಡಾಗ ವಾರ್ತೆಣ್ಣನಿಗೆ ಐವತ್ತು ದಾಟಿತ್ತು. ದವಡೆಯ ಹಲ್ಲೊಂದು ಮುರಿದು ಚೂಪಾಗಿತ್ತು, ಅದು ತಾಗಿ ಆಗಿರಬೇಕು ಎಂದುಕೊಂಡ. ಅಂಗಡಿಯ ಕನ್ನಡಿಯಲ್ಲೇ ನಾಲಿಗೆ ಚಾಚಿ ನೋಡಿಕೊಂಡು, ಔಷಧಿ ಅಂಗಡಿಯಿಂದ ತಂದ ಮುಲಾಮು ಸವರಿಕೊಂಡು ತಿಂಗಳುಗಟ್ಟಲೆ ದೂಡಿದ. ಹೆಂಡತಿ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದವಳು. ಓಡುವ ಬೆಲ್ಟಿನ ಮೇಲೆ ಮುರಿದದ್ದನ್ನು ಕಂಡುಹಿಡಿಯುವುದೇ ಅವಳ ಕೆಲಸ. ಊಟಕ್ಕೆ ಕೂತಾಗ ಒಂದು ಸಂಜೆ ಹೇಳಿದಳು:

“ಯಾಕ್ರೀ ಒಂದೇ ಕಡೆ ಅಗೀತಿದೀರ?”

“ಹಲ್ಲು ನೋವು ಕಣೇ. ಬಿಡು.”

“ಹಲ್ಲು ನೋವಿಗೆ ನಾಲಿಗೆ ತೊದಲುತ್ತಾ? ನಾಳೆ ನಾನು ರಜ ಹಾಕ್ತೀನಿ. ಹೋಗೋಣ.”

ಹೋದರು. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಬಂತು. ಹಲ್ಲಿನದೋ, ಯಾವತ್ತೋ ಬಿಟ್ಟ ಸಿಗರೇಟಿನದೋ ತಪ್ಪು ಎಂದು ಅವನು ಕೇಳಿದ್ದಕ್ಕೆ ವೈದ್ಯೆ, “ಅದನ್ನ ಈಗ ಹುಡುಕಿ ಏನೂ ಪ್ರಯೋಜನ ಇಲ್ಲ” ಎಂದು ಶಸ್ತ್ರಚಿಕಿತ್ಸೆಯ ದಿನ ಗೊತ್ತು ಮಾಡಿದರು. ನಾಲಿಗೆಯ ಅಂಚನ್ನೂ ರೋಗ ಹರಡಬಹುದಾದ ಕತ್ತಿನ ಗಂಟುಗಳನ್ನೂ ತೆಗೆದರು. ಗಾಯ ಮಾಯಿತು. ಮಾತು ಸ್ವಲ್ಪ ದಪ್ಪವಾದರೂ ಮರಳಿತು. ವಾರ್ತೆಣ್ಣ ಅಂಗಡಿಗೆ ಬಂದು ಆಪರೇಷನ್ ಕಥೆಯನ್ನು ಗಿರಾಕಿಗಳಿಗೆಲ್ಲ ಸವಿಸ್ತಾರವಾಗಿ ಹೇಳಿದ. ಕೇಳಿದವರಿಗೆ ಎಲ್ಲ ಮುಗಿಯಿತೆಂದೇ ಅನಿಸಿತು. ನಿಜಕ್ಕೂ ಶುರುವಾಗುವುದು ಇನ್ನೂ ಬಾಕಿಯಿತ್ತು.

ರೋಗದ ಬೇರು ಉಳಿದಿದ್ದರೆ ಸಾಯಲೆಂದು ಕೊಡುವ ವಿಕಿರಣ ಚಿಕಿತ್ಸೆಗೆ ಮುಂಚೆ ಕೆಟ್ಟ ಹಲ್ಲುಗಳನ್ನು ಕಿತ್ತರು. ಮುಖಕ್ಕೊಂದು ಮುಖವಾಡ ಮಾಡಿದರು. ಬಿಸಿನೀರಲ್ಲಿ ಮೆತ್ತಗಾದ ಜಾಲರಿಯ ಹಾಳೆಯನ್ನು ಮುಖದ ಮೇಲೆ ಒತ್ತಿ ಹಿಡಿದಾಗ, ತಾನು ಗಿರಾಕಿಗಳ ಮುಖಕ್ಕೆ ಹಾಕುವ ಬಿಸಿ ಟವೆಲಿನ ಹಾಗೇ ಇದೆ ಎಂದು ಅವನಿಗೆ ಅನ್ನಿಸಿತು. ಅದು ಗಟ್ಟಿಯಾದ ಮೇಲೆ ಅದನ್ನು ಅವನ ಮುಖದ ಮೇಲಿಟ್ಟು ಮೇಜಿಗೆ ಕಚ್ಚಿಸಿದರು. ಅಲುಗಾಡುವಂತಿಲ್ಲ, ಬಾಯಿ ತೆರೆಯುವಂತಿಲ್ಲ. ಮಾತಾಡದೆ ಇಷ್ಟು ಹೊತ್ತು ಎಚ್ಚರವಾಗಿದ್ದದ್ದು ಜೀವನದಲ್ಲಿ ಇದೇ ಮೊದಲು ಎಂದು ಹೊರಗೆ ಬಂದು ಹೆಂಡತಿಗೆ ಹೇಳಿದ.

ಆ ವಾರ್ಡಿನ ಹಿರಿಯ ನರ್ಸ್ ಗಂಡ ಹೆಂಡತಿಯನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು. “ಮೊದಲು ಏನೂ ಆಗಲ್ಲ. ಆಮೇಲೆ ರುಚಿ ಹೋಗುತ್ತೆ, ಜೊಲ್ಲು ಅಂಟಂಟಾಗುತ್ತೆ, ಬಾಯೆಲ್ಲ ಹುಣ್ಣಾಗುತ್ತೆ. ಕುದಿಸಿ ಆರಿಸಿದ ನೀರಿಗೆ ಉಪ್ಪು, ಅಡುಗೆ ಸೋಡಾ ಹಾಕಿ ಎರಡೆರಡು ಗಂಟೆಗೆ ಬಾಯಿ ಮುಕ್ಕಳಿಸಿ. ಮೆತ್ತನೆ ಬ್ರಷ್ಷಿನಲ್ಲೇ ಹಲ್ಲುಜ್ಜಿ. ಖಾರ, ಹುಳಿ, ಬಿಸಿ ಮೂರೂ ಬೇಡ. ದಿನಾ ಬಾಯಿ ಅಗಲ ಮಾಡೋ ವ್ಯಾಯಾಮ ಬಿಡಬೇಡಿ, ಇಲ್ಲಾಂದ್ರೆ ದವಡೆ ಬಿಗಿದುಕೊಳ್ಳುತ್ತೆ. ಅಣ್ಣಾ, ಕೇಳಿಸ್ಕೊಳ್ತಿದೀರಾ?”

ಅಣ್ಣ ಆಗಲೇ ಪಕ್ಕದ ರೋಗಿಯನ್ನು ಊರು ಕೇರಿ ವಿಚಾರಿಸುತ್ತಿದ್ದ. ಕೇಳಿಸಿಕೊಂಡವಳು ಹೆಂಡತಿ.

ಮೊದಲ ವಾರ ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ಆಸ್ಪತ್ರೆ. “ಏನೂ ಇಲ್ಲಪ್ಪ, ಫೋಟೋ ತೆಗೆಸ್ಕೊಂಡು ಬಂದ ಹಾಗೆ” ಎಂದು ಸಾಹುಕಾರನೆದುರು ಜಂಬ ಕೊಚ್ಚಿಕೊಂಡ. ಎರಡನೆಯ ವಾರ ಚಹಾ ಕುಡಿದು ಮುಖ ಸಿಂಡರಿಸಿ, “ಇದೇನೇ, ರಟ್ಟು ನೆನೆಸಿ ಹಿಂಡಿದ್ಯಾ?” ಎಂದ. ಹೆಂಡತಿ ಹೊಸದಾಗಿ ಮಾಡಿಕೊಟ್ಟಳು. ಅದೂ ರಟ್ಟೇ. ಸಾರು ಕಬ್ಬಿಣದ ಹಾಗೆ, ಅನ್ನ ಮರಳಿನ ಹಾಗೆ. ನಾಲ್ಕು ದಿನ ಅವಳ ಅಡುಗೆಯನ್ನು ಬೈದ. ಐದನೆಯ ದಿನ ಸಕ್ಕರೆ ಬಾಯಿಗೆ ಹಾಕಿಕೊಂಡು ನೋಡಿದ. ಏನೂ ಇಲ್ಲ. ಆಮೇಲೆ ಬೈಯಲಿಲ್ಲ.

ಮೂರನೆಯ ವಾರ ಒಳಗೆನ್ನೆ ಕೆಂಪಾಗಿ, ಬಿಳಿಚಿ, ಸಿಪ್ಪೆ ಏಳತೊಡಗಿತು. ಜೊಲ್ಲು ಗೋಂದಿನ ಹಾಗೆ ನೂಲೆಳೆಯುತ್ತಿತ್ತು. ಉಪ್ಪುನೀರು ಮುಕ್ಕಳಿಸುವುದು ಅವನಿಗೆ ಬಡವರ ಮದ್ದು ಎನಿಸಿತು. ಅಂಗಡಿಯ ಕಪಾಟಿನಲ್ಲಿ ಗಿರಾಕಿಗಳಿಗೆಂದು ಇಟ್ಟಿದ್ದ, ಪುದೀನ ವಾಸನೆಯ ನೀಲಿ ಮೌತ್‌ವಾಶ್ ಬಾಟಲಿ ಕಂಡಿತು. ದೊಡ್ಡ ಮುಚ್ಚಳದ ತುಂಬ ಬಗ್ಗಿಸಿಕೊಂಡು ಬಾಯಿಗೆ ಸುರಿದುಕೊಂಡ. ಮರುಕ್ಷಣ ಬೇಸಿನ್ ಹಿಡಿದು ನಿಂತಲ್ಲೇ ಕುಪ್ಪಳಿಸಿದ. ಕಣ್ಣಿಂದ ದಳದಳ ನೀರು. ಅರ್ಧ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ ಕುರ್ಚಿಯಿಂದ ಎದ್ದುಬಿಟ್ಟ. ಭಾವಮೈದುನ ಲೋಟದಲ್ಲಿ ನೀರು ತಂದು ಹಿಡಿದ.

ಆಸ್ಪತ್ರೆಯಲ್ಲಿ ನರ್ಸ್ ಬಾಯಿಗೆ ಟಾರ್ಚ್ ಬಿಟ್ಟು ನೋಡಿ, “ಅಲ್ಲಣ್ಣಾ, ಗಿರಾಕಿಗೆ ಬ್ಲೇಡ್ ತಾಗಿದ ಜಾಗಕ್ಕೆ ಸ್ಪಿರಿಟ್ ಸುರೀತೀರಾ ನೀವು?” ಎಂದಳು.

ಅವನು ಇಲ್ಲವೆಂದು ತಲೆಯಲ್ಲಾಡಿಸಿದ.

“ಆ ಮೌತ್‌ವಾಶ್‌ನಲ್ಲೂ ಇರೋದು ಸ್ಪಿರಿಟ್ಟೇ. ಮತ್ತೆ ನಿಮ್ಮ ಬಾಯಿ ಏನು ಪಾಪ ಮಾಡಿತ್ತು?”

ಅಂದಿನಿಂದ ಉಪ್ಪು ಸೋಡಾದ ನೀರೇ ಖಾಯಂ ಆಯಿತು. ಬಿಳಿ ಪದರ ಕಟ್ಟಿದ್ದು ಬೂಷ್ಟು ಸೋಂಕು ಎಂದು ಅದಕ್ಕೆ ಬೇರೆ ಔಷಧಿ ಕೊಟ್ಟರು. ಊಟಕ್ಕೆ ಮುಂಚೆ ಬಾಯಲ್ಲಿ ಆಡಿಸಿ ಉಗುಳಲು ಮರಗಟ್ಟಿಸುವ ದ್ರವವೊಂದನ್ನು ಕೊಟ್ಟರು. ಅದು ಹಿಡಿದಿರುವಾಗಲೇ ಒಂದಿಷ್ಟು ನುಂಗಿಬಿಡಬೇಕು, ಕೆನ್ನೆ ಕಚ್ಚಿಕೊಳ್ಳದ ಹಾಗೆ ಎಚ್ಚರವಾಗಿಯೂ ಇರಬೇಕು.

ನಾಲ್ಕನೆಯ ವಾರದ ಹೊತ್ತಿಗೆ ವಾರ್ತೆಣ್ಣ ಮಾತು ನಿಲ್ಲಿಸಿದ. ಒಂದು ಪದ ಆಡಿದರೆ ನಾಲಿಗೆ ಹಲ್ಲಿಗೆ ಉಜ್ಜಿ ಕೆಂಡ ಮುಟ್ಟಿದಂತಾಗುತ್ತಿತ್ತು. ಅಂಗಡಿಗೆ ಹೋಗುವುದನ್ನೂ ಬಿಟ್ಟ. ಹೆಂಡತಿ ಪಾಳಿ ಬದಲಾಯಿಸಿಕೊಂಡು ಬೆಳಿಗ್ಗೆ ಗಂಜಿ, ಮೊಟ್ಟೆ, ಆಲೂಗಡ್ಡೆ ಎಲ್ಲ ನುಣ್ಣಗೆ ರುಬ್ಬಿ, ಆರಿಸಿ, ಮುಚ್ಚಿಟ್ಟು ಹೋಗುತ್ತಿದ್ದಳು. ಬರುವಾಗ ಪಾತ್ರೆ ಖಾಲಿ. ಆದರೂ ಅವನ ಅಂಗಿ ದಿನದಿನಕ್ಕೆ ದೊಗಳೆಯಾಗುತ್ತಿತ್ತು. ಒಂದು ದಿನ ಬಚ್ಚಲ ತೂಬು ಕಟ್ಟಿಕೊಂಡಿತು. ಜಾಲರಿ ಎತ್ತಿ ನೋಡಿದರೆ ರುಬ್ಬಿದ ಆಲೂಗಡ್ಡೆ.

ಮಾತು ಕಡಿಮೆಯಿದ್ದವಳು ಅವತ್ತು ಅವನೆದುರು ಸ್ಟೂಲ್ ಎಳೆದುಕೊಂಡು ಕೂತಳು.

“ನೀವು ಇಷ್ಟು ವರ್ಷ ಮಾತಾಡಿದ್ರಿ, ನಾನು ಕೇಳಿದೆ. ಈಗ ನೀವು ಕೇಳಿ. ನೋವಾಗುತ್ತೆ ಅಂತ ನನಗೆ ಗೊತ್ತಿಲ್ಲವಾ? ನುಂಗಕ್ಕಾಗಲ್ಲ ಅಂತ ಹೇಳಿದ್ರೆ ಬೇರೆ ದಾರಿ ನೋಡ್ತಿದ್ದೆ. ಸುಳ್ಳು ಯಾಕ್ರೀ? ನಾನು ಖಾಲಿ ಪಾತ್ರೆ ನೋಡಿ ಖುಷಿ ಪಟ್ಕೊಂಡು ತೊಳೀತಿದ್ದೆ.”

ಅವನು ಗೋಡೆ ನೋಡಿದ. ಕೊನೆಗೆ ಅವಳ ಕೈ ಹಿಡಿದು ತನ್ನ ಗಂಟಲ ಮೇಲೆ ಇಟ್ಟುಕೊಂಡು ನುಂಗಿ ತೋರಿಸಿದ. ಅವನ ಮೈ ಇಡೀ ನಡುಗಿದ್ದು ಅವಳ ಅಂಗೈಗೆ ತಿಳಿಯಿತು.

ಮರುದಿನ ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಹಾಕಿದರು. ಹಿಂದೆಯೇ ವೈದ್ಯೆ ಹೇಳಿದಾಗ ಅವನು ಕೈ ಅಡ್ಡ ಮಾಡಿದ್ದ. ಸುತ್ತ ಕನ್ನಡಿಯೇ ಇರುವ ಜಾಗದಲ್ಲಿ ದುಡಿಯುವವನು ಮೂಗಿಗೆ ಪೈಪು ಸಿಕ್ಕಿಸಿಕೊಂಡು ಕೂರುವುದೆಂದರೆ ಅವನ ಮರ್ಯಾದೆಗೆ ಕುಂದು. ಈಗ ಸುಮ್ಮನೆ ತಲೆ ಹಿಂದಕ್ಕೆ ಮಾಡಿದ. “ಪೈಪು ಇದೆ ಅಂತ ನುಂಗೋದು ಬಿಡಬೇಡಿ. ಗುಟುಕು ಗುಟುಕು ನೀರಾದರೂ ಕುಡೀತಿರಿ. ಗಂಟಲು ಕೆಲಸ ಮರೆತುಬಿಡುತ್ತೆ” ಎಂದಳು ನರ್ಸ್.

ಹೊಟ್ಟೆಗೆ ಬಿದ್ದ ಮೇಲೆ ಮೈಯಲ್ಲಿ ಸ್ವಲ್ಪ ಕಸುವು ಬಂತು. ಮನೆಯಲ್ಲಿ ಗೋಡೆ ನೋಡಿ ಸಾಕಾಗಿ, ನಳಿಕೆಯನ್ನು ಕೆನ್ನೆಗೆ ಅಂಟಿಸಿಕೊಂಡೇ ಅಂಗಡಿಗೆ ಹೋಗಿ ಗಿರಾಕಿಗಳ ಬೆಂಚಿನ ಮೇಲೆ ಕೂತ. ಮೊದಲ ದಿನ ಬಂದವರು ಅವನ ಮುಖ ತಪ್ಪಿಸಿ ಹಳೆಯ ಪತ್ರಿಕೆ ತಿರುವಿದರು. ಟೈರ್ ಸಾಹುಕಾರ ಮಾತ್ರ ಬಂದು ಪಕ್ಕದಲ್ಲೇ ಕುಕ್ಕರಿಸಿದ.

“ಪೈಪು ಯಾವ ಸೈಜು? ನನ್ನ ಹತ್ರ ಟ್ಯೂಬ್ ಬೇಕಾದಷ್ಟಿದೆ, ಕೇಳಬಾರದಾಗಿತ್ತಾ?”

ವಾರ್ತೆಣ್ಣನ ಭುಜ ಕುಲುಕಿತು. ನಗಲೂ ಬಾಯಿ ಬಿಡುವಂತಿಲ್ಲದೆ ಕೆನ್ನೆ ಹಿಡಿದುಕೊಂಡ.

ಸಾಹುಕಾರ ದಿನಾ ಬಂದು ಬೀದಿಯ ಸುದ್ದಿಯೆಲ್ಲ ತಪ್ಪು ತಪ್ಪಾಗಿ ಹೇಳುತ್ತಿದ್ದ. ತಿದ್ದಲಾಗದೆ ವಾರ್ತೆಣ್ಣ ಒದ್ದಾಡುತ್ತಿದ್ದ. ಕೈಸನ್ನೆ ಮಾಡಿದರೆ ಭಾವಮೈದುನ ಬೇರೇನೋ ತಿಳಿದು ಬಾಚಣಿಗೆ ತಂದುಕೊಡುತ್ತಿದ್ದ. ಬೆಂಚಿನಿಂದ ಅವನಿಗೆ ಒಳಗಿನ ಕುರ್ಚಿ ಮೊದಲ ಸಲ ಚೆನ್ನಾಗಿ ಕಂಡಿತು. ಅಲ್ಲಿ ಕೂತವರು ಭುಜ ಸಡಿಲಿಸಿ ಹಗುರಾಗುತ್ತಿದ್ದರು. ಕೆಲವರು ತಾವಾಗಿಯೇ ಮೆಲ್ಲಗೆ ಏನೇನೋ ಹೇಳಿಕೊಳ್ಳುತ್ತಿದ್ದರು. ಭಾವಮೈದುನ “ಹ್ಞೂಂ” ಎನ್ನುತ್ತಿದ್ದ, ಅಷ್ಟೆ. ಬಾಗಿಲ ಹತ್ತಿರದ ಕುರ್ಚಿ ಖಾಲಿಯಿದ್ದರೂ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾಗಿರಲಿಲ್ಲ. ಅದು ಅವನಿಗೆ ಸಮಾಧಾನ ತಂದಿತು, ಒಳಗೇ ಚುಚ್ಚಿತು ಕೂಡ.

ಚಿಕಿತ್ಸೆಯ ಕೊನೆಯ ದಿನ ಮುಖವಾಡವನ್ನು ಮನೆಗೆ ಕೊಂಡೊಯ್ಯುತ್ತೀರಾ ಎಂದು ಕೇಳಿದರು. ಬೇಡ ಎಂದು ಕೈಯಾಡಿಸಿದ. ಇನ್ನೇನು ನಾಳೆಯಿಂದ ಸರಿಹೋಗುತ್ತದೆ ಎಂದು ಅವನ ಲೆಕ್ಕ. ಆದರೆ ಮುಂದಿನ ಎರಡು ವಾರ ಎಲ್ಲಕ್ಕಿಂತ ಕೆಟ್ಟದಾಗಿದ್ದವು. ಕತ್ತಿನ ಚರ್ಮ ಕಪ್ಪಾಗಿ ಸುಲಿಯಿತು, ನೀರಿನ ಗುಟುಕೂ ಗಾಜು ನುಂಗಿದಂತೆ. “ಮುಗೀತು ಅಂದ್ರಲ್ಲ, ಮತ್ಯಾಕೆ?” ಎಂದು ಅವನು ಕಣ್ಣಲ್ಲೇ ಕೇಳಿದಾಗ ಹೆಂಡತಿ, “ಮೆಷಿನ್ನು ನಿಲ್ಲಿಸಿದ್ರೂ ಒಳಗೆ ಕಾವು ಇಳಿಯಕ್ಕೆ ಟೈಮ್ ಬೇಕು ಅಂತ ಅವತ್ತೇ ಹೇಳಿದ್ರು. ನೀವು ಪಕ್ಕದವರ ಊರು ವಿಚಾರಿಸ್ತಿದ್ರಿ” ಎಂದಳು.

ಕಾವು ಇಳಿಯಿತು. ಹುಣ್ಣು ಒಂದೊಂದಾಗಿ ಆರಿದವು. ನಳಿಕೆ ತೆಗೆದ ದಿನ ಅವಳು ಕಾರ್ಖಾನೆಯ ಮುರುಕು ಬಿಸ್ಕತ್ತನ್ನು ಹಾಲಲ್ಲಿ ನೆನೆಸಿ ಚಮಚದಲ್ಲಿ ಕೊಟ್ಟಳು. ಒಂದು ಬಟ್ಟಲು ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ರುಚಿ ಬರಲು ಇನ್ನೂ ತಿಂಗಳುಗಳು. ಮೊದಲು ಬಂದದ್ದು ಉಪ್ಪು, ಸಿಹಿ ತಡವಾಗಿ, ಅದೂ ಅರೆಬರೆ. ಜೊಲ್ಲು ಮಾತ್ರ ಸರಿಯಾಗಿ ಮರಳಲೇ ಇಲ್ಲ. ನೀರಿನ ಬಾಟಲಿ ಇಲ್ಲದೆ ಹೊರಗೆ ಕಾಲಿಡುವಂತಿಲ್ಲ. ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಂಡು ದವಡೆ ಅಗಲಿಸುವ ವ್ಯಾಯಾಮವನ್ನು ಅಂಗಡಿ ಬಾಗಿಲು ತೆಗೆಯುವ ಮುಂಚೆ ಮಾಡುತ್ತಿದ್ದ. ಕತ್ತರಿ ಹಿಡಿದ ಮೇಲೆ ಮಾತಾಡುತ್ತಿದ್ದ, ಆದರೆ ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ ನೀರು ಕುಡಿಯಬೇಕಿತ್ತು. ಆ ಸಂದಿನಲ್ಲಿ ಗಿರಾಕಿಗಳು ತಮ್ಮದನ್ನೂ ಸೇರಿಸತೊಡಗಿದರು.

ಅಂಥದೇ ಒಂದು ಸಂದಿನಲ್ಲಿ, ಮಧ್ಯಾಹ್ನ ಗಿರಾಕಿ ಇಲ್ಲದಾಗ, ಭಾವಮೈದುನ ಬ್ರಷ್ ತೊಳೆಯುತ್ತಾ ಹೇಳಿದ:

“ಭಾವ, ನಾನೊಂದು ಅಂಗಡಿ ನೋಡಿದೀನಿ. ಬಸ್ ನಿಲ್ದಾಣದ ಹಿಂದೆ. ನಿಮಗೆ ಹುಷಾರು ತಪ್ಪೋ ಮುಂಚೇನೇ ನೋಡಿದ್ದೆ. ಹೇಳಕ್ಕಾಗಲಿಲ್ಲ.”

ವಾರ್ತೆಣ್ಣ ಬಾಟಲಿ ಕೆಳಗಿಟ್ಟ. “ಆಗ ನಿನಗೆ ಮಾತಾಡಕ್ಕೆ ನಾನು ಬಿಡಲಿಲ್ಲ. ಆಮೇಲೆ ನನಗೆ ಬಾಯಿ ನೋವು ಅಂತ ನೀನು ಅಂಗಡಿ ಬಿಡಲಿಲ್ಲ. ಅಲ್ವಾ?”

“ಹ್ಞೂಂ.”

“ಜಾಗ ಇನ್ನೂ ಖಾಲಿ ಇದೆಯೇನೋ?”

“ಇದೆ.”

“ಹಾಗಾದ್ರೆ ಇನ್ನೂ ಇಲ್ಲಿ ನಿಂತ್ಕೊಂಡು ಏನು ಮಾಡ್ತಿದೀಯ, ಹೋಗಿ ಮಾತಾಡ್ಕೊಂಡು ಬಾ.”

ಹೊಸ ಅಂಗಡಿ ತೆರೆದ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಹೋದರು. ಗೋಡೆಗೆ ಇನ್ನೂ ಬಣ್ಣದ ವಾಸನೆ. ಮೊದಲ ಗಿರಾಕಿ ನಾನೇ ಎಂದು ವಾರ್ತೆಣ್ಣ ಕುರ್ಚಿ ಏರಿ ಕೂತ. ಭಾವಮೈದುನ ಬಟ್ಟೆ ಕಟ್ಟಿ, ಬಲಗೆನ್ನೆಗೆ ನೊರೆ ಹಚ್ಚಿ, ಎಡಕ್ಕೆ ಬಂದು ಕೈ ತಡೆದ. ವಿಕಿರಣ ಬಿದ್ದ ಆ ಕಡೆಯ ದವಡೆ ಮಗುವಿನ ಕೆನ್ನೆಯಂತೆ ನುಣ್ಣಗಿತ್ತು. ಅಲ್ಲಿ ಗಡ್ಡ ಮತ್ತೆ ಬೆಳೆದಿರಲಿಲ್ಲ.

“ಭಾವ, ಈ ಕಡೆ ಏನೂ ಇಲ್ಲವಲ್ಲ.”

“ಇಲ್ಲ ಅಂತ ನನಗೆ ಗೊತ್ತಿಲ್ಲವೇನೋ? ಹಚ್ಚು.”

ಭಾವಮೈದುನ ಎಡಗೆನ್ನೆಗೂ ದಟ್ಟವಾಗಿ ನೊರೆ ಹಚ್ಚಿದ. ಬಲಗೆನ್ನೆ ಬೋಳಿಸಿದ ಮೇಲೆ ಕತ್ತಿಯ ಬ್ಲೇಡು ತೆಗೆದಿಟ್ಟು, ಅದರ ಮೊಂಡು ಬೆನ್ನಿನಿಂದ ಎಡಗೆನ್ನೆಯನ್ನು, ಕಿವಿಯ ಬುಡದಿಂದ ಗಲ್ಲದ ತನಕ ನಿಧಾನವಾಗಿ ಎಳೆದ. ಹೆಂಡತಿ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ವಾರ್ತೆಣ್ಣ ಕಣ್ಣು ಮುಚ್ಚಿಕೊಂಡಿದ್ದ. ಮುಗಿದ ಮೇಲೆ ಎರಡೂ ಕೆನ್ನೆ ಸವರಿ ನೋಡಿಕೊಂಡು, ಪರವಾಗಿಲ್ಲ ಎಂದು ಎದ್ದ. ಹೊರಗೆ ಆಗಲೇ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು.