ಚಂದ್ರಿಯ ಪಕ್ಕದ ಜಾಗ

ಅಪ್ಪನ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆಯ ಹಿಂದೆಯೇ ಹಳೇ ಕಾಗದದ ಘಾಟು ಮೂಗಿಗೆ ಬಡಿಯಿತು. ಕೈಗೆ ಮೊದಲು ಸಿಕ್ಕಿದ್ದು ಹಾಜರಿ ಪುಸ್ತಕ. ಶಾಲೆ ಮುಚ್ಚಿದಾಗ ಅಪ್ಪ ಅದನ್ನು ಯಾಕೋ ಮನೆಗೆ ತಂದಿಟ್ಟಿದ್ದರು. ಹೆಸರು ಕೂಗುವ ಹೊತ್ತಿನ ಭಯ ನಿಮಗೂ ಗೊತ್ತಿರಬಹುದು. ಈ ವಯಸ್ಸಿನಲ್ಲೂ ನನಗದು ಹೋಗಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ಸಂತೆಬಾಚಹಳ್ಳಿಯಿಂದಾಚೆ ನಮ್ಮೂರ ಸರ್ಕಾರಿ ಶಾಲೆಗೆ ಅಪ್ಪ ಒಬ್ಬರೇ ಮೇಷ್ಟ್ರು. ಜೂನ್ ಬಂತೆಂದರೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುತ್ತಿದ್ದರು, ಅವರ ಬೆನ್ನಿಗೆ ನಾನು. ಕೂಲಿಯ ನಿಂಗವ್ವ ಮಾತ್ರ ಮಗಳು ಚಂದ್ರಿಯನ್ನು ಕಳಿಸಲು ಸುತರಾಂ ಒಪ್ಪಲಿಲ್ಲ. "ಇವ್ಳು ಇಸ್ಕೂಲ್ಗೆ ಬಂದ್ಬುಟ್ರೆ ಕೂಸ್ನ ಯಾರ್ ನೋಡ್ಕತಾರೆ ಮೇಷ್ಟ್ರೇ?" ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ನನ್ ಮಗಳ ಪಕ್ಕದಲ್ಲೇ ಕೂರುಸ್ತೀನಿ ಕಣಮ್ಮ" ಎಂದರು. ಆ ಮಾತಿಗೇ ಚಂದ್ರಿ ಬಂದಳು. ಎರಡು ವರ್ಷ ಒಂದೇ ಮಣೆಯ ಮೇಲೆ ಕೂತೆವು. ಮೂರನೇ ಕ್ಲಾಸಿಗೆ ಅಪ್ಪ ನನ್ನನ್ನು ಕೆ.ಆರ್. ಪೇಟೆಯ ಅತ್ತೆಯ ಮನೆಯಲ್ಲಿ ಬಿಟ್ಟು ಅಲ್ಲಿನ ಕಾನ್ವೆಂಟಿಗೆ ಸೇರಿಸಿದರು. ಊರಿನ ಪುಸ್ತಕದಿಂದ ಮಾತ್ರ ನನ್ನ ಹೆಸರು ತೆಗೆಯಲಿಲ್ಲ. ಮಕ್ಕಳ ಸಂಖ್ಯೆ ಇಳಿದರೆ ಶಾಲೆ ಮುಚ್ಚುತ್ತಾರೆಂಬ ಹೆದರಿಕೆ ಅವರಿಗೆ.

ಇನ್‌ಸ್ಪೆಕ್ಟರು ಬರುವ ಸುದ್ದಿ ತಿಳಿದಿದ್ದೇ ತಡ, ಅಪ್ಪ ಅತ್ತೆಯ ಮನೆಗೆ ಓಡಿ ಬಂದು ನನ್ನ ಟೈ, ಶೂ ಬಿಚ್ಚಿಸಿ ಹಳೇ ಲಂಗ ತೊಡಿಸಿದರು. ಬಸ್ಸಿನುದ್ದಕ್ಕೂ ಒಂದೇ ಪಾಠ: "ಹೆಸರು ಕೂಗಿದ್ರೆ ‘ಹಾಜರ್ ಸಾರ್’ ಅನ್ಬೇಕು. ತಪ್ಪಿದ್ರೆ ಅಪ್ಪನ ಕೆಲಸ ಹೋಯ್ತದೆ." ಶಾಲೆಯಲ್ಲಿ ಚಂದ್ರಿ ನನ್ನ ಜಾಗದಲ್ಲಿ ತನ್ನ ಚೀಲ ಇಟ್ಟುಕೊಂಡಿದ್ದಳು. ನನ್ನನ್ನು ಕಂಡು ಚೀಲ ಎತ್ತಿಕೊಂಡಳು. ಇನ್‌ಸ್ಪೆಕ್ಟರು ತಾವೇ ಹೆಸರು ಕೂಗತೊಡಗಿದರು. ನನ್ನದು ಹತ್ತಿರವಾದಂತೆ ಲಂಗ ಒದ್ದೆ ಮಾಡಿಕೊಳ್ಳುತ್ತೇನೇನೋ ಅನ್ನಿಸಿತು. ಎದ್ದವಳೇ ಗಟ್ಟಿಯಾಗಿ ಹೇಳಿಬಿಟ್ಟೆ: "ಪ್ರೆಸೆಂಟ್ ಮಿಸ್!"

ಇನ್‌ಸ್ಪೆಕ್ಟರ ಪೆನ್ನು ನಿಂತಿತು. "ಮಿಸ್ಸಾ? ಎಲ್ಲವ್ರಮ್ಮ ಇಲ್ಲಿ ಮಿಸ್ಸು?" ಅಪ್ಪ ಬಿಳಿಚಿಕೊಂಡು ಗೋಡೆ ಹಿಡಿದಿದ್ದರು. ಆಗ ಚಂದ್ರಿ ಎದ್ದಳು. "ಅವ್ಳು ಅಂಗೇ ಸಾ. ಮೇಷ್ಟ್ರು ಮಗ್ಳಲ್ವಾ, ಇಂಗ್ಲೀಸ್ ಆಡ್ಕಂಡು ಮೆರೀತಾಳೆ. ದಿನಾ ನನ್ ಪಕ್ದಲ್ಲೇ ಕೂತ್ಕತಾಳೆ." ಹುಡುಗರು ಗೊಳ್ಳೆಂದರು. ಇನ್‌ಸ್ಪೆಕ್ಟರೂ ನಕ್ಕು ಮುಂದಿನ ಹೆಸರಿಗೆ ಹೋದರು. ಶಾಲೆ ಬಿಟ್ಟ ಮೇಲೆ ಚಂದ್ರಿ ನನ್ನ ಕೈ ಹಿಡಿದು, "ನಾಳೀಕೂ ಬತ್ತೀಯಾ?" ಎಂದಳು. "ಊಂ" ಎಂದೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಅತ್ತೆಯ ಮನೆಗೆ ಹೊರಟೆ. ಬಸ್ಸು ಚಂದ್ರಿಯ ಗುಡಿಸಲು ದಾಟುವವರೆಗೂ ಸೀಟಿನಡಿ ಬಗ್ಗಿ ಕೂತಿದ್ದೆ.

ಈಗ ಆ ಶಾಲೆಯಿಲ್ಲ, ಅದರ ಪಕ್ಕದ ನಮ್ಮ ಹೆಂಚಿನ ಮನೆಯಿಲ್ಲ, ಅಪ್ಪನೂ ಇಲ್ಲ. ಚಂದ್ರಿಯನ್ನು ಯಾವೂರಿಗೆ ಕೊಟ್ಟರೆಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಇನ್‌ಸ್ಪೆಕ್ಟರು ಹಸಿರು ಶಾಯಿಯಲ್ಲಿ ಸಹಿ ಹಾಕಿದ್ದ ಪುಟ ಹುಡುಕಿದೆ. ಅಲ್ಲಿಂದ ಮುಂದೆ ನಾಲ್ಕು ದಿನ ಚಂದ್ರಿಯ ಹೆಸರಿನೆದುರು ಹಾಜರಿ ಇದೆ. ಆಮೇಲೆ ಬರೀ ಗೈರು, ಕೊನೆಗೆ ಹೆಸರೇ ಇಲ್ಲ. ಅದರ ಕೆಳಗಿನ ಸಾಲು ನನ್ನದು, ಅಪ್ಪನ ಮುದ್ದಾದ ಅಕ್ಷರದಲ್ಲಿ. ನಾನು ಒಂದು ದಿನವೂ ತಪ್ಪಿಸಿಕೊಂಡಿಲ್ಲ.