ಗುರುಗುಂಟಾದಲ್ಲಿ ಉಂಡದ್ದು

ಬಾಯಿಯ ಆಪರೇಷನ್ ಆದ ಮೇಲೆ ಎರಡು ವರ್ಷ ನಾನು ಪರರ ಮನೆಯಲ್ಲಿ ಒಂದು ತುತ್ತೂ ಉಣ್ಣಲಿಲ್ಲ. ಮಸ್ಕಿಯ ನಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ತಂಬಾಕಿಗೆ ಸುಣ್ಣ ತಿಕ್ಕಿ ಎಡಗೆನ್ನೆಯಲ್ಲಿ ಇಟ್ಟುಕೊಂಡವನು ನಾನೇ. ಹಾಗಾಗಿ ದೇವರ ಮೇಲೆ ಸಿಟ್ಟಾಗುವ ಹಕ್ಕು ನನಗಿರಲಿಲ್ಲ. ಆದರೂ ಆದೆ. ಕ್ಯಾನ್ಸರ್ ಜೊತೆ ದವಡೆಯ ಒಂದು ತುಂಡನ್ನೂ ತೆಗೆದರು, ಮೇಲೆ ರೇಡಿಯೇಷನ್ನಿನ ಕರೆಂಟು ಕೊಟ್ಟರು. ಜೀವ ಉಳಿಯಿತು. ಬಾಯಿ ಮಾತ್ರ ಒಂದು ಬೆರಳು ಹಿಡಿಯುವಷ್ಟೇ ತೆರೆಯುತ್ತಿತ್ತು. ಉಗುಳು ಬತ್ತಿತ್ತು. ಎಡತುಟಿ ಜೋಮು ಹಿಡಿದು, ಸಾರು ಗದ್ದದ ಮೇಲೆ ಇಳಿದರೂ ಗೊತ್ತಾಗುತ್ತಿರಲಿಲ್ಲ. ಕುತ್ತಿಗೆಯನ್ನೂ ಕೊಯ್ದಿದ್ದರಿಂದ ಎಡಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ನನ್ನ ತೊದಲು ಗಿರಾಕಿಗಳಿಗೆ ತಿಳಿಯುತ್ತಿರಲಿಲ್ಲ. ಸಿಂಧನೂರು ಕಡೆಯ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಬರುತ್ತಿದ್ದ ಬಂಗಾಲಿ ಹೆಂಗಸರಿಗೆ ಮಾತ್ರ ಏನೂ ವ್ಯತ್ಯಾಸವಾಗಲಿಲ್ಲ. ಅವರದು ಮೊದಲಿನಿಂದಲೂ ಕೈಸನ್ನೆಯ ವ್ಯಾಪಾರ.

ಆಗ ಮಗಳಿಗೆ ಗುರುಗುಂಟಾದಿಂದ ಸಂಬಂಧ ಬಂತು. ಹುಡುಗ ಲಿಂಗಸೂಗೂರಿನಲ್ಲಿ ಮಾಸ್ತರ. ಮಗಳು ಬಾಯಿಬಿಟ್ಟು ಒಪ್ಪಿಗೆ ಹೇಳಲಿಲ್ಲ, ಆದರೆ ಅವನು ನೋಡಿ ಹೋದ ವಾರವೆಲ್ಲ ಹಾಡಿಕೊಂಡೇ ಅಂಗಳ ಗುಡಿಸಿದಳು. ನಾವು ಅವರ ಮನೆ ನೋಡಲು ಹೋದಾಗ ಹೋಳಿಗೆ ಮಾಡಿ ಪಂಕ್ತಿ ಹಾಕಿದರು. ಹೊಟ್ಟೆ ಸರಿಯಿಲ್ಲವೆಂದು ಸುಳ್ಳು ಹೇಳಿ ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ನಮ್ಮ ಕಡೆ ಹೆಣ್ಣಿನ ತಂದೆ ಗಂಡಿನ ಮನೆಯಲ್ಲಿ ಉಣ್ಣದೆ ಎದ್ದು ಬಂದರೆ ಸಂಬಂಧ ಬೇಡವೆಂದೇ ಅರ್ಥ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗದ್ದದ ಚಿಂತೆಯಲ್ಲಿ ಮರೆತೆ.

ತಿಂಗಳು ಕಳೆದರೂ ಸುದ್ದಿ ಬರಲಿಲ್ಲ. ಕೊನೆಗೆ ಮದುವೆ ಮಾತು ತಂದಿದ್ದ ಹಿರಿಯರೇ ಬಂದು, "ನಿಮಗ ಮನಸಿಲ್ಲಂತ ಅವ್ರು ಬ್ಯಾರೆ ಕಡೆ ನೋಡಾಕತ್ತಾರ್ರೀ," ಎಂದರು.

ಮಗಳು ನನ್ನನ್ನು ಬೈಯದೆ, ಹಾಡಿಲ್ಲದೆ ಅಂಗಳ ಗುಡಿಸಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಮನೆಯವಳು ಬಿಡಲಿಲ್ಲ. "ನಿಮ್ಮ ನಾಚಿಕಿ ದೊಡ್ಡದೋ, ಆಕೀ ಬಾಳೇವು ದೊಡ್ಡದೋ, ನೀವ ಹೇಳ್ರಿ," ಎಂದಳು.

ಹಲ್ಲುಗಳ ನಡುವೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ತುರುಕಿ ಬಾಯಿ ಅಗಲಿಸಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಕಡ್ಡಿಗಳನ್ನು ಸಿಟ್ಟಿನಿಂದ ಎಸೆದಿದ್ದೆ. ಅವನ್ನೇ ಹುಡುಕಿಸಿ ತಂದು ಹದಿನೈದು ದಿನ ಕಣ್ಣೀರು ಬರುವ ತನಕ ತುರುಕಿದೆ. ಎರಡು ಕಡ್ಡಿಗಳಷ್ಟು ಬಾಯಿ ಹೆಚ್ಚಾಯಿತು. ಊಟಕ್ಕೆ ಬರುತ್ತೇನೆಂದು ಗುರುಗುಂಟಾಕ್ಕೆ ಹೇಳಿ ಕಳಿಸಿದೆ.

ಪಂಕ್ತಿಯಲ್ಲಿ ಹುಡುಗನ ತಂದೆಯ ಎದುರಿಗೇ ಕೂತೆ. ಹೋದ ಸಲ ಯಾಕೆ ಉಣ್ಣಲಿಲ್ಲವೆಂದು ಮೊದಲು ಹೇಳಿ, ಟವೆಲ್ ತೊಡೆಯ ಮೇಲೆ ಹಾಸಿದೆ. ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕಿವುಚಿ ಉಗುರಿನಷ್ಟು ತುತ್ತು ಮಾಡಿದೆ. ಹುಳಿಸೊಪ್ಪಿನ ಪುಂಡಿಪಲ್ಯ ಬಾಯಿಗೆ ಬೆಂಕಿ ಹಚ್ಚಿತು. ಪ್ರತಿ ತುತ್ತಿಗೂ ನೀರು, ಪ್ರತಿ ತುತ್ತಿಗೂ ಗದ್ದ ಒರೆಸುವುದು. ಉಳಿದವರದೆಲ್ಲ ಮುಗಿಯಿತು. ಒಬ್ಬರ ತಾಟಿನಲ್ಲಿ ಅನ್ನವಿದ್ದರೂ ಪಂಕ್ತಿ ಏಳುವಂತಿಲ್ಲ. ಹನ್ನೆರಡು ಜನರ ಎಂಜಲು ಕೈ ಒಣಗಿ ಅಂಟಾದವು, ಯಾರೂ ಮಿಸುಕಲಿಲ್ಲ.

"ಸಾಕು ಬಿಡ್ರಿ ಸಾವ್ಕಾರ್ರ, ತ್ರಾಸ ಮಾಡ್ಕೋಬ್ಯಾಡ್ರಿ," ಎಂದರು ಹುಡುಗನ ತಂದೆ. ನಾನು ತಲೆಯಲ್ಲಾಡಿಸಿ ಮತ್ತೆ ತುತ್ತು ಕಟ್ಟಿದೆ. ಹಟ ನನ್ನ ಹುಟ್ಟುಗುಣ, ಅಂದು ಕೆಲಸಕ್ಕೆ ಬಂತು. ಕೊನೆಯ ಅಗುಳು ಮುಗಿಸಿ, ನಮ್ಮ ಪದ್ಧತಿಯಂತೆ ತಾಟಿಗೆ ನೀರು ಹಾಕಿ ತೊಳೆದು ಕುಡಿದೆ. ಅರ್ಧ ನೀರು ಅಂಗಿಯ ಮೇಲೆ ಇಳಿಯಿತು. ನನಗೆ ಕುಣಿಯಬೇಕೆನ್ನುವಷ್ಟು ಖುಷಿಯಾಯಿತು.

ಹುಡುಗನ ತಂದೆ ನನ್ನ ಖಾಲಿ ತಾಟನ್ನೇ ನೋಡುತ್ತಿದ್ದರು.

"ಬೀಗರ," ಎಂದರು, "ಸಕ್ಕರಿ ತಿನಿಸೋದು ಯಾವತ್ತು ಇಟ್ಕೊಳ್ಳೂನ್ರಿ?"

"ಇವತ್ತ," ಎಂದೆ.

ಮದುವೆ ಗಟ್ಟಿಮಾಡುವ ಸಕ್ಕರೆಯ ಡಬ್ಬಿ ಒಳಗಿನಿಂದ ಬಂತು. ಅವರು ಚಿಟಿಕೆ ಹಿಡಿದು ಕಾದರು. ನಾನು ಎಲ್ಲರೆದುರು ತೆರೆದಷ್ಟು ಬಾಯಿ ತೆರೆದೆ.