ಸಾಬವ್ವನ ಮನೆಯ ತಂಬಿಗೆ ನೀರು

ಡಾಕ್ಟರ್ ದೌಲತರಾಯರದು ಜೇವರ್ಗಿ ತಾಲೂಕಿನ ಕೊಳಕೂರು. ಹೊಲಮನೆ ಚೆನ್ನಾಗಿದ್ದ ಮನೆತನ. ಊರಲ್ಲೇ ದವಾಖಾನೆ ಹಾಕಿ ಕೂತಿದ್ದರೆ ಸೂಜಿ ಚುಚ್ಚುತ್ತಲೇ ಮಹಡಿ ಮನೆ ಎಬ್ಬಿಸಬಹುದಿತ್ತು. ಈ ಪುಣ್ಯಾತ್ಮರು ಗುಲಬರ್ಗಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಉಳಿದ ಹೊತ್ತೆಲ್ಲ ಕಾಮಣಿ ರೋಗದ ಬೆನ್ನು ಹತ್ತಿದರು. ಕಣ್ಣು ಹಳದಿಯಾದವರು ಎಲ್ಲಿದ್ದಾರೆಂದು ಕೇಳಿಕೊಂಡು ಹೋಗುವುದು, ಅವರ ರಕ್ತ, ಮಲ ಸೀಸೆಗಳಲ್ಲಿ ತುಂಬಿ, ಐಸು ಹಾಕಿದ ಥರ್ಮಾಸು ತೊಡೆಯ ಮೇಲಿಟ್ಟುಕೊಂಡು ಸರ್ಕಾರಿ ಬಸ್ಸಿನಲ್ಲಿ ಮರಳುವುದು. ಒಮ್ಮೆ ಕಂಡಕ್ಟರ್ ಅದನ್ನು ಕುಲ್ಫಿ ಎಂದುಕೊಂಡು ಒಂದು ಕೊಡಿರೆಂದು ಕೇಳಿದ್ದನಂತೆ. "ಮಂದಿ ಮಕ್ಳು ಡಾಕ್ಟರ್ ಆದ್ರ ಕಾರ್ ತರ್ತಾರ, ನಮ್ಮವ ಹೇಲು ತರ್ತಾನ" ಎಂದು ಸೋದರಮಾವ ಮದುವೆಮನೆಗಳಲ್ಲಿ ನಗಿಸುತ್ತಿದ್ದ. ದೌಲತರಾಯರೂ ನಗುತ್ತಿದ್ದರು.

೧೯೯೧ರಲ್ಲಿ ಭೀಮಾ ನದಿಗೆ ಹೊಸನೀರು ಬಂದ ಮೇಲೆ ದಂಡೆಯ ಮಣ್ಣೂರಿನಲ್ಲಿ ಮನೆಗೊಬ್ಬರಂತೆ ಕಾಮಣಿ ಹತ್ತಿತು. ಗಂಡಸರು ಹದಿನೈದು ದಿನ ಮಲಗಿ, ಎದ್ದು ಹೊಲಕ್ಕೆ ಹೋದರು. ದೌಲತರಾಯರ ಚಿಂತೆ ಬಸುರಿಯರದು. ನೀರಿನಿಂದ ಹರಡುವ ಈ ಬಗೆಯ ಕಾಮಣಿ ದಿನ ತುಂಬುತ್ತ ಬಂದ ಬಸುರಿಯ ಪ್ರಾಣಕ್ಕೇ ಕೈ ಹಾಕುವುದನ್ನು ಅವರು ಬೇರೆ ಊರುಗಳಲ್ಲಿ ಕಣ್ಣಾರೆ ಕಂಡಿದ್ದರು. ಅದಕ್ಕೆಂದೇ ಔಷಧವಿರಲಿಲ್ಲ. ನೀರು ಕುದಿಸಿ ಕುಡಿಯುವುದೊಂದೇ ದಾರಿ. ಊರಿನ ನರ್ಸ್ ಸರ್ವರಬೇಗಂ ಜೊತೆ ಓಣಿ ಓಣಿ ತಿರುಗಿ ಅದನ್ನೇ ಹೇಳಿದರು.

ಬೌದ್ಧರಾದ ದಲಿತರ ಓಣಿಯಲ್ಲಿ ಸಾಬವ್ವನ ಮನೆ. ಸೊಸೆ ಚಂದಮ್ಮನಿಗೆ ಆರು ತಿಂಗಳು, ಚೊಚ್ಚಲು. ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕಲ್ಲ, ಸಾಬವ್ವ ಕೊಡದಿಂದ ತಂಬಿಗೆ ತುಂಬಿ ತಂದಳು. ಆದರೆ ಕೈ ಪೂರ್ತಿ ಚಾಚಲಿಲ್ಲ. ದೌಲತರಾಯರಿಗೆ ಅರ್ಥವಾಯಿತು. ತಮ್ಮ ಮನೆಯ ಕಟ್ಟೆಯ ಕೆಳಗೆ ಇಂಥ ಓಣಿಯ ಜನ ಬೊಗಸೆಯೊಡ್ಡಿ ನಿಲ್ಲುವುದನ್ನು, ಅಜ್ಜ ಮೇಲಿನಿಂದ ನೀರು ಸುರಿಯುವುದನ್ನು ಚಿಕ್ಕಂದಿನಲ್ಲಿ ನೋಡಿದವರು ಅವರು. ಈಗ ಬೇಡವೆಂದರೆ ಈ ಮುದುಕಿ ಏನೆಂದುಕೊಂಡಾಳು? ಒಮ್ಮೆ ಇದೇ ಕಾಮಣಿ ಬಂದು ಹೋದ ಮೈ, ತಮಗೇನೂ ಆಗದೆಂಬ ಧೈರ್ಯವೂ ಇತ್ತು. ತಂಬಿಗೆ ಎತ್ತಿ ಗಟಗಟ ಕುಡಿದರು. ಸಾಬವ್ವನ ಮುಖ ಅರಳಿತು.

ಹೊರಗೆ ಬಂದ ಮೇಲೆ ಸರ್ವರಬೇಗಂ, "ಅದು ಕುದಿಸಿದ ನೀರಲ್ರಿ" ಎಂದರು.

"ಗೊತ್ತದ" ಎಂದರು ದೌಲತರಾಯರು, ಸ್ವಲ್ಪ ಹೆಮ್ಮೆಯಿಂದಲೇ.

ಒಂದೂವರೆ ತಿಂಗಳ ಮೇಲೆ ಚಂದಮ್ಮನ ಕಣ್ಣು ಹಳದಿಯಾಯಿತು. ಸುದ್ದಿ ಕೇಳಿ ಓಡಿಬಂದ ದೌಲತರಾಯರು, "ನೀರು ಕುದಸ್ರಿ ಅಂದಿದ್ದೆನಲ್ಲಬೇ ಯವ್ವಾ?" ಎಂದರು.

"ಎರಡು ದಿನ ಕುದಿಸಿದ್ವಿರಿ" ಎಂದಳು ಸಾಬವ್ವ. "ಆಮ್ಯಾಲ ಬಿಟ್ವಿ. ನೀವೇ ಹಸಿ ನೀರು ತಂಬಿಗಿ ತುಂಬ ಕುಡದ್ರಿ, ನಿಮಗೇನೂ ಆಗ್ಲಿಲ್ಲ. ಡಾಕ್ಟರೇ ಕುಡೀತಾರ ಅಂದ್ರ ನಮ್ಮ ನೀರು ಚಲೋನೇ ಅದ ಅಂದ್ಕೊಂಡ್ವಿ."

ದೌಲತರಾಯರು ಕೂಡಲೇ ಚಂದಮ್ಮನನ್ನು ಜೀಪಿನಲ್ಲಿ ಗುಲಬರ್ಗಾಕ್ಕೆ ಒಯ್ದರು. ನಾಲ್ಕು ದಿನ ಅವಳಿಗೆ ಎಚ್ಚರವಿರಲಿಲ್ಲ. ಐದನೆಯ ದಿನ ಕಣ್ಣು ಬಿಟ್ಟಳು. ಕೂಸು ಹೊಟ್ಟೆಯಲ್ಲೇ ಹೋಗಿತ್ತು.

ತಾವು ಆ ನೀರು ಕುಡಿಯುವ ಮೊದಲೇ ರೋಗ ಅವಳ ಮೈಸೇರಿತ್ತೋ ಏನೋ ಎಂದು ದೌಲತರಾಯರು ದಿನ ಎಣಿಸಿ ನೋಡಿದರು. ಇರಲೂಬಹುದಿತ್ತು. ಆ ಅನುಮಾನದ ಮರೆಯಲ್ಲಿ ಅಡಗಿಕೊಳ್ಳಲು ಮನಸ್ಸಾಗಲಿಲ್ಲ. ಮಣ್ಣೂರಿಗೆ ಹೋಗಿ ಸಾಬವ್ವನ ಎದುರು ಕೂತರು.

"ತಪ್ಪು ನಂದವ್ವ. ಒಲ್ಲೆ ಅಂದ್ರ ಜಾತಿ ನೋಡ್ದ ಅಂತ ತಿಳ್ಕೋತೀರಿ ಅಂತ ಕುಡದೆ."

ಸಾಬವ್ವ ನೆಲ ನೋಡುತ್ತಲೇ ಹೇಳಿದಳು. "ಮಂದಿ ಮ್ಯಾಲಿಂದ ನೀರು ಹಾಕಿದ್ದು ತಡ್ಕೊಂಡೀವ್ರಿ. ನೀವು ಒಲ್ಲೆ ಅಂದಿದ್ರ ಅದನ್ನೂ ತಡ್ಕೋತಿದ್ವಿ. ಈಗ ಕೂಸು ಬರ್ತದೇನ್ರಿ?"

ದೌಲತರಾಯರು ಅತ್ತರು. ಸಾಬವ್ವ ಸಮಾಧಾನ ಹೇಳಲಿಲ್ಲ. ಎದ್ದು ಒಲೆ ಹೊತ್ತಿಸಿ ನೀರಿಟ್ಟಳು. ಬಾಗಿಲಿಗೆ ಹೋಗಿ ಬಾಜು ಮನೆಯವರನ್ನು ಕೂಗಿ ಬಂದು, "ಕುಂದರ್ರಿ ಸಾಹೇಬ್ರ. ಆ ಮನಿ ಸೊಸಿಗೂ ಐದು ತಿಂಗಳ ಅದ. ಅಕಿ ಮುಂದ ಕುದ್ದ ನೀರು ಕುಡದು ಹೋಗ್ರಿ" ಎಂದಳು.